ಹಾಡಿದವಳು ಕಟ್ಟಲಿಲ್ಲವೇ?

ಬೆಳಗಾವಿಯಿಂದ ಇತ್ತ ಧಾರವಾಡ, ಕುಂದಗೋಳಗಳವರೆಗೂ ಅತ್ತ ಮಿರಜ, ಕೊಲ್ಲಾಪುರಗಳವರೆಗೂ ಹಬ್ಬಿರುವ ಹಿಂದುಸ್ತಾನಿ ಸಂಗೀತದ ಸೀಮೆಯಲ್ಲಿ ಒಂದು ಅಭಿಪ್ರಾಯ ಯಾರೂ ಪ್ರಶ್ನಿಸದಷ್ಟು ಆಳವಾಗಿ ಬೇರುಬಿಟ್ಟಿದೆ. ಹೆಂಗಸರು ಹಾಡಬಲ್ಲರು, ವಾದ್ಯ ನುಡಿಸಬಲ್ಲರು, ಗುರುವಿನಿಂದ ಪಡೆದದ್ದನ್ನು ಜತನ ಮಾಡಿ ಮುಂದಿನವರಿಗೆ ದಾಟಿಸಬಲ್ಲರು, ಆದರೆ ಸಂಗೀತವನ್ನು ಹೊಸದಾಗಿ ಕಟ್ಟುವ ಕೆಲಸ, ಅಂದರೆ ರಚನೆ, ಮೊದಲಿನಿಂದಲೂ ಗಂಡಸರದು ಎಂಬುದೇ ಆ ಅಭಿಪ್ರಾಯ. ಇದನ್ನು ನಂಬಿದವರು ಸಂಗೀತ ಬಲ್ಲವರೇ, ಗಾಯಕಿಯರನ್ನು ಮನಸಾರೆ ಮೆಚ್ಚಿದವರೇ ಆಗಿರುವುದರಿಂದ ಇದಕ್ಕೆ ತಿರಸ್ಕಾರದ ಮುಖವಿಲ್ಲ, ಗೌರವದ ಮುಖವಿದೆ, ಮತ್ತು ಇದು ಇಷ್ಟು ಕಾಲ ಬಾಳಿ ಬಂದದ್ದಕ್ಕೆ ಆ ಗೌರವದ ಮುಖವೇ ಕಾರಣ. ದಕ್ಷಿಣಾದಿಯಲ್ಲಿ ಒಬ್ಬ ತ್ಯಾಗರಾಜ, ಉತ್ತರಾದಿಯಲ್ಲಿ 18ನೆಯ ಶತಮಾನದ ದಿಲ್ಲಿ ದರಬಾರಿನಲ್ಲಿ ಅಸಂಖ್ಯ ಖಯಾಲುಗಳನ್ನು ಕಟ್ಟಿದ ಒಬ್ಬ ಸದಾರಂಗ, ಯುರೋಪಿನಲ್ಲಿ ಒಬ್ಬ ಬೀಥೋವನ್, ಇವರಿಗೆ ಸಮನಾದ ಒಬ್ಬ ಹೆಣ್ಣುಮಗಳ ಹೆಸರು ಹೇಳಿ ಎಂದು ಕೇಳಲಾಗುತ್ತದೆ. ಕೇಳಿಸಿಕೊಂಡವರು ತಡವರಿಸಿದರೆ ಆ ತಡವರಿಕೆಯನ್ನೇ ಪುರಾವೆ ಎಂದು ಎಣಿಸಲಾಗುತ್ತದೆ. ಈ ಅಭಿಪ್ರಾಯ ಅರ್ಧ ಸತ್ಯವೂ ಅಲ್ಲ. ಅದು ನಿಂತಿರುವುದು ಗಂಡಸರಿಗೊಂದು, ಹೆಂಗಸರಿಗೊಂದು ಅಳತೆಗೋಲು ಹಿಡಿಯುವ ರೂಢಿಯ ಮೇಲೆ.

ಮೊದಲಿಗೆ ಯುರೋಪಿನ ಸಾಕ್ಷ್ಯವನ್ನೇ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಸಂಗೀತವನ್ನು ಸ್ವರಲಿಪಿಯಲ್ಲಿ ಬರೆದಿಡುವ ಪದ್ಧತಿ ಇದ್ದುದರಿಂದ, ಕಟ್ಟಿದವರು ಯಾರು, ತಡೆದವರು ಯಾರು, ಹೆಸರು ಬದಲಾದದ್ದು ಎಲ್ಲಿ ಎಂಬುದೆಲ್ಲ ಕಾಗದದ ಮೇಲೆ ಉಳಿದಿದೆ. ಫ್ಯಾನಿ ಮೆಂಡೆಲ್‌ಸೊನ್ (1805–1847) ಮತ್ತು ಆಕೆಯ ತಮ್ಮ ಫೆಲಿಕ್ಸ್ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಗುರುಗಳ ಕೈಕೆಳಗೆ ಪಿಯಾನೊ ಮತ್ತು ರಚನಾಶಾಸ್ತ್ರ ಕಲಿತವರು. 1820ರಲ್ಲಿ ತಂದೆ ಮಗಳಿಗೆ ಬರೆದ ಪತ್ರದಲ್ಲಿ, ಸಂಗೀತ ತಮ್ಮನಿಗೆ ಬಹುಶಃ ವೃತ್ತಿಯಾಗಬಹುದು, ಆಕೆಗೆ ಮಾತ್ರ ಅದು ಎಂದೆಂದಿಗೂ ಅಲಂಕಾರವಾಗಿಯೇ ಇರಬೇಕು ಎಂದು ತಿಳಿಸಿದ. ಆಕೆಯ ಆರು ಹಾಡುಗಳು ತಮ್ಮನ ಎಂಟನೆಯ ಮತ್ತು ಒಂಬತ್ತನೆಯ ಕೃತಿಸಂಪುಟಗಳಲ್ಲಿ ಅವನ ಹೆಸರಿನಲ್ಲೇ ಅಚ್ಚಾದವು. 1842ರಲ್ಲಿ ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ತನಗೆ ಪ್ರಿಯವಾದ ಫೆಲಿಕ್ಸನ ಹಾಡೆಂದು ಒಂದನ್ನು ಆರಿಸಿ ಹಾಡಿದಾಗ, ಅದು ತನ್ನದಲ್ಲ, ಅಕ್ಕನದು ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ಫ್ಯಾನಿ ರಚಿಸಿದ ಕೃತಿಗಳು 450ಕ್ಕೂ ಹೆಚ್ಚು. ಸ್ವಂತ ಹೆಸರಿನಲ್ಲಿ ಕೃತಿಸಂಪುಟ ಪ್ರಕಟಿಸಲು ಆಕೆ ನಿರ್ಧರಿಸಿದ್ದು 1846ರಲ್ಲಿ, ಮರುವರ್ಷವೇ ತೀರಿಕೊಂಡಳು. ಆಕೆ 1828ರಲ್ಲಿ ಬರೆದ ಈಸ್ಟರ್ ಸೊನಾಟಾ, ಅಂದರೆ ಹಲವು ಭಾಗಗಳುಳ್ಳ ಒಂದು ದೀರ್ಘ ಪಿಯಾನೊ ಕೃತಿ, 1970ರಲ್ಲಿ ಪ್ಯಾರಿಸ್ಸಿನಲ್ಲಿ ಪತ್ತೆಯಾದಾಗ ಅದನ್ನೂ ಫೆಲಿಕ್ಸನದೆಂದೇ ಹೇಳಲಾಯಿತು. ಆಕೆಯ ಹಸ್ತಪ್ರತಿಯೊಂದರಲ್ಲಿ ಕಾಣೆಯಾಗಿದ್ದ ಹಾಳೆಗಳ ಸಂಖ್ಯೆಗೂ ಈ ಕೃತಿಯ ಹಾಳೆಗಳ ಸಂಖ್ಯೆಗೂ ತಾಳೆ ಹಾಕಿ, ಅದು ಫ್ಯಾನಿಯದೇ ಎಂದು 2010ರಲ್ಲಿ ತೋರಿಸಿಕೊಟ್ಟವರು ಏಂಜೆಲಾ ಮೇಸ್ ಕ್ರಿಶ್ಚಿಯನ್ ಎಂಬ ವಿದ್ವಾಂಸೆ. ಹೆಣ್ಣಿನ ಕೃತಿ ಉತ್ತಮವಾಗಿದೆ ಎಂದಾದ ಕೂಡಲೇ ಅದು ಗಂಡಿನದೇ ಇರಬೇಕೆಂದು ಭಾವಿಸುವ ಈ ಅಭ್ಯಾಸ ಇರುವವರೆಗೆ, ಹೆಂಗಸರ ಉತ್ತಮ ಕೃತಿಗಳೇ ಇಲ್ಲ ಎಂಬ ತೀರ್ಮಾನ ತನ್ನಷ್ಟಕ್ಕೆ ತಾನೇ ಸಿದ್ಧವಾಗುತ್ತಲೇ ಇರುತ್ತದೆ.

ಕ್ಲಾರಾ ಶೂಮನ್ (1819–1896) ಅವರ ಬದುಕು ಇನ್ನೂ ಕಠಿಣವಾದ ಪ್ರಮಾಣ. ಲೈಪ್‌ಜಿಗ್‌ನಲ್ಲಿ ಹುಟ್ಟಿ, ತಂದೆ ಫ್ರೀಡ್ರಿಖ್ ವೀಕ್ ಎಂಬ ಪಿಯಾನೊ ಶಿಕ್ಷಕನಿಂದಲೇ ತರಬೇತಿ ಪಡೆದು, 9ನೆಯ ವಯಸ್ಸಿಗೆ ವೇದಿಕೆ ಏರಿದ ಆಕೆ 13ನೆಯ ವಯಸ್ಸಿನಲ್ಲಿ ಒಂದು ಕನ್ಚೆರ್ಟೊ, ಅಂದರೆ ಒಂಟಿ ವಾದ್ಯಕ್ಕೂ ಪೂರ್ಣ ವಾದ್ಯವೃಂದಕ್ಕೂ ಸಂವಾದವಾಗಿ ಕಟ್ಟಿದ ಕೃತಿ, ಬರೆಯಲಾರಂಭಿಸಿದರು. 1835ರಲ್ಲಿ, 16 ತುಂಬಿದ ಕೆಲವೇ ವಾರಗಳಲ್ಲಿ, ಫೆಲಿಕ್ಸ್ ಮೆಂಡೆಲ್‌ಸೊನ್ ವಾದ್ಯವೃಂದವನ್ನು ನಿರ್ದೇಶಿಸುತ್ತಿರಲು ಅದನ್ನು ತಾವೇ ನುಡಿಸಿದರು. ಅಂಥ ಹುಡುಗಿ 20ನೆಯ ವಯಸ್ಸಿಗೆ ತನ್ನ ದಿನಚರಿಯಲ್ಲಿ, ತನಗೆ ಸೃಜನಶಕ್ತಿ ಇದೆಯೆಂಬ ನಂಬಿಕೆಯನ್ನು ಬಿಟ್ಟುಬಿಟ್ಟಿರುವುದಾಗಿ, ಹೆಣ್ಣಾದವಳು ರಚನೆಗೆ ಆಸೆಪಡಬಾರದೆಂಬ ಅರ್ಥದಲ್ಲಿ ಬರೆದುಕೊಂಡರು. ಪ್ರಚಲಿತ ಅಭಿಪ್ರಾಯದವರು ಈ ಮಾತನ್ನು ತಪ್ಪೊಪ್ಪಿಗೆಯೆಂಬಂತೆ ಉದ್ಧರಿಸುತ್ತಾರೆ. ಆದರೆ ಇದನ್ನು ಬರೆದ ಮೇಲೆ ಆಕೆ ಏನು ಮಾಡಿದರು ಎಂಬುದನ್ನು ಅವರು ಹೇಳುವುದಿಲ್ಲ. 1840ರಲ್ಲಿ ರಾಬರ್ಟ್ ಶೂಮನ್‌ನನ್ನು ಮದುವೆಯಾಗಿ, ಎಂಟು ಮಕ್ಕಳನ್ನು ಹೆತ್ತು, ಗಂಡ ರಚನೆಯಲ್ಲಿ ತೊಡಗಿದಾಗ ಪಿಯಾನೊದ ಸದ್ದು ಗೋಡೆ ದಾಟಿ ಅವನ ಏಕಾಗ್ರತೆ ಕೆಡಿಸೀತೆಂದು ತಮ್ಮ ಅಭ್ಯಾಸವನ್ನೇ ನಿಲ್ಲಿಸಬೇಕಾದ ಮನೆಯಲ್ಲಿದ್ದುಕೊಂಡು, 1846ರಲ್ಲಿ ಪಿಯಾನೊ, ವಯೊಲಿನ್, ಚೆಲ್ಲೊ ಮೂರು ವಾದ್ಯಗಳ ಜಿ ಮೈನರ್ ತ್ರಯವನ್ನೂ, 1853ರ ಒಂದೇ ಬೇಸಿಗೆಯಲ್ಲಿ ಗಂಡನ ಒಂದು ಎಳೆಯನ್ನು ಆಧರಿಸಿದ ರೂಪಾಂತರಗಳು, ರೊಮಾನ್ಸ್‌ಗಳು ಮತ್ತು ಹಾಡುಗಳ ನಾಲ್ಕು ಕೃತಿಸಂಪುಟಗಳನ್ನೂ ರಚಿಸಿದರು. ಮಕ್ಕಳು ಮತ್ತು ಸದಾ ಕಲ್ಪನಾಲೋಕದಲ್ಲಿರುವ ಗಂಡ, ಇವೆರಡೂ ರಚನೆಯೊಂದಿಗೆ ಹೊಂದುವುದಿಲ್ಲವೆಂದು ರಾಬರ್ಟನೇ 1843ರಲ್ಲಿ ಬರೆದಿಟ್ಟಿದ್ದಾನೆ. ಕಾರಣ ಕಣ್ಣಮುಂದೆಯೇ ಇತ್ತು, ಅವನಿಗದು ಕಂಡಿತ್ತು ಕೂಡ.

1854ರಲ್ಲಿ ರಾಬರ್ಟ್ ಮಾನಸಿಕ ಚಿಕಿತ್ಸಾಲಯ ಸೇರಿ 1856ರಲ್ಲಿ ತೀರಿಕೊಂಡ ಮೇಲೆ ಕ್ಲಾರಾ ಹೆಚ್ಚುಕಡಿಮೆ ರಚನೆಯನ್ನೇ ಬಿಟ್ಟರು. ಬದುಕುಳಿದಿದ್ದ ಏಳು ಮಕ್ಕಳ ಹೊಟ್ಟೆಗೆ ಕಛೇರಿಗಳ ಸಂಪಾದನೆಯೇ ದಿಕ್ಕಾಗಿತ್ತು. ಆಕೆಯ ಕಛೇರಿಗಳ ಮುದ್ರಿತ ಕಾರ್ಯಕ್ರಮ ಪತ್ರಿಕೆಗಳೇ ಸುಮಾರು 1300 ಉಳಿದಿವೆ. 1878ರಿಂದ ಫ್ರಾಂಕ್‌ಫರ್ಟಿನ ಸಂಗೀತ ಶಾಲೆಯಲ್ಲಿ ಕಲಿಸಿದರು, ಗಂಡನ ಸಮಗ್ರ ಕೃತಿಗಳನ್ನು ಸಂಪಾದಿಸಿ ಪ್ರಕಟಿಸಿದರು, ಅವನ ಹೆಸರನ್ನು ಯುರೋಪಿನಾದ್ಯಂತ ನಿಲ್ಲಿಸಿದರು. ಇಂದು ಜಗತ್ತು ಶೂಮನ್ ಎಂದರೆ ರಾಬರ್ಟ್ ಎಂದು ತಿಳಿಯುವುದಕ್ಕೆ ಆಕೆಯ ನಲವತ್ತು ವರ್ಷಗಳ ದುಡಿಮೆ ಬಹುಮಟ್ಟಿಗೆ ಕಾರಣ. ಕಟ್ಟುವವನನ್ನು ಉಳಿಸಿದ ಆ ದುಡಿಮೆಯನ್ನೇ ಮುಂದಿಟ್ಟು, ನೋಡಿ, ಆಕೆ ನುಡಿಸುವವಳೇ ಹೊರತು ಕಟ್ಟುವವಳಲ್ಲ ಎಂದು ಹೇಳುವುದು ಅನ್ಯಾಯದ ಮಾತು.

ಇದೇ ಬಗೆಯ ದುಡಿಮೆ ಕನ್ನಡ ನೆಲಕ್ಕೂ ಹೊಸದಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಗಳಿಕೆಯನ್ನೆಲ್ಲ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ಕಟ್ಟಿಸಿದರು. ಅದೇ ಸ್ಥಳದ ಆರಾಧನೆಯಲ್ಲಿ ಹೆಂಗಸರು ಹಾಡಲು ಅವರೇ ಹೋರಾಡಬೇಕಾಯಿತು.

ಪಿಯಾನೊದ ಬದಲು ಪೇಟಿ, ಅಂದರೆ ಹಾರ್ಮೋನಿಯಂ, ಎಂದಿಟ್ಟುಕೊಂಡರೆ ಬೆಳಗಾವಿಯ ಚಿತ್ರವೂ ಬಹಳ ಬೇರೆಯಲ್ಲ. ಈ ಊರು ವಿಠ್ಠಲರಾವ್ ಕೋರಗಾಂವಕರ, ರಾಮಭಾವು ವಿಜಾಪುರೆ ಅವರಂಥ ಪೇಟಿ ವಾದಕರಿಂದ ಹೆಸರಾದದ್ದು. 1940ರಲ್ಲಿ ಆಕಾಶವಾಣಿ, ಭಾರತೀಯ ಸಂಗೀತದ ಸೂಕ್ಷ್ಮ ಶ್ರುತಿಗಳು ಮತ್ತು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅದರ ಕೀಲಿಗಳಲ್ಲಿ ನುಡಿಯವು ಎಂಬ ಕಾರಣಕ್ಕೆ ಪೇಟಿಯನ್ನೇ ಬಹಿಷ್ಕರಿಸಿ, 1971ರವರೆಗೆ ಹೊರಗಿಟ್ಟಿತ್ತು. ಅಷ್ಟು ದೀರ್ಘ ಬಹಿಷ್ಕಾರವನ್ನೂ ಈ ಸೀಮೆಯ ವಾದಕರು ತಮ್ಮ ಕೈಗುಣದಿಂದ ಗೆದ್ದರು. ಆದರೆ ಮನೆಯ ಪೇಟಿಯ ಕಥೆ ಬೇರೆ. ರವಿವಾರ ಪೇಟೆಯ ವ್ಯಾಪಾರಸ್ಥ ಕುಟುಂಬಗಳಲ್ಲಿ, ಟಿಳಕವಾಡಿಯ ನೌಕರದಾರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಪೇಟಿ ಕಲಿಸುವುದಿತ್ತು, ಗಾಂಧರ್ವ ಮಂಡಳದ ಪರೀಕ್ಷೆಗಳಿಗೆ ಕೂರಿಸುವುದಿತ್ತು, ವರನ ಕಡೆಯವರು ನೋಡಲು ಬಂದಾಗ ಒಂದು ಅಭಂಗವನ್ನೋ ದಾಸರ ಪದವನ್ನೋ ಹಾಡಿಸುವುದೂ ಇತ್ತು. ಕಲಿಕೆಯ ಗುರಿಯೇ ಅಷ್ಟಕ್ಕೆ ನಿಗದಿಯಾಗಿರುವಾಗ ಆ ಹುಡುಗಿ ಒಂದು ಬಂದಿಶ್, ಅಂದರೆ ರಾಗಕ್ಕೆ ಅಳವಟ್ಟ ಪುಟ್ಟ ರಚನೆ, ಕಟ್ಟಲಿಲ್ಲವೇಕೆ ಎಂದು ಕೇಳುವ ಹಕ್ಕು ಯಾರಿಗಿದೆ? ಫ್ಯಾನಿಯ ತಂದೆ 1820ರಲ್ಲಿ ಮಗಳಿಗೆ ಬರೆದ ಪತ್ರವನ್ನು ಇಲ್ಲಿ ಯಾರೂ ಬರೆಯಬೇಕಾಗಿರಲಿಲ್ಲ. ಮನೆಯ ರೀತಿಯೇ ಅದನ್ನು ಹೇಳುತ್ತಿತ್ತು.

ಇನ್ನು, ಕಟ್ಟಿದವರೇ ಇಲ್ಲ ಎಂಬ ಮಾತಿಗೆ ಬರಬೇಕು. ರಚನೆಕಾರರನ್ನು ಅಳೆಯಲು ಭಾರತೀಯ ಸಂಗೀತಶಾಸ್ತ್ರದಲ್ಲಿ ಸ್ಪಷ್ಟವಾದ ಅಳತೆಯೊಂದಿದೆ. ಸೇವುಣರ ದೊರೆ ಸಿಂಘಣನ ಕಾಲದಲ್ಲಿ, ಅಂದರೆ ಬೆಳಗಾವಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ರಟ್ಟರ ಆಳ್ವಿಕೆ ಅದೇ ದೊರೆಯ ಸೈನ್ಯದೆದುರು ಮುಗಿದ 13ನೆಯ ಶತಮಾನದ ಮೊದಲರ್ಧದಲ್ಲಿ, ದೇವಗಿರಿಯಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಮಾತನ್ನೂ ಧಾತುವನ್ನೂ, ಅಂದರೆ ಹಾಡಿನ ನುಡಿಯನ್ನೂ ಅದರ ಸ್ವರರೂಪವನ್ನೂ, ಎರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆದು, ಎರಡರಲ್ಲೂ ಸಮರ್ಥನಾದವನಿಗೆ ಉತ್ತಮನ ಸ್ಥಾನ ಕೊಟ್ಟ. ಈ ಅಳತೆಗೆ ಹೊಂದುವ ಹೆಂಗಸರು ಕನ್ನಡದಲ್ಲಿ ಧಾರಾಳವಾಗಿದ್ದಾರೆ. 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಕೀರ್ತನೆಗಳನ್ನಲ್ಲದೆ ‘ಚಂದ್ರಹಾಸನ ಕಥೆ’ಯಂಥ ದೀರ್ಘ ಹಾಡುಗಬ್ಬಗಳನ್ನು ಕಟ್ಟಿದರು. 19ನೆಯ ಶತಮಾನದ ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ, ಅಂದರೆ ರಚಿಸಿದವರ ಗುರುತಾಗಿ ಹಾಡಿನ ಕೊನೆಯಲ್ಲಿ ಬರುವ ದೇವರ ಹೆಸರಿನಲ್ಲಿ, ರಚಿಸಿದ ಹಾಡುಗಳು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಶುಕ್ರವಾರದ ಪೂಜೆಯಿಂದ ಹಿಡಿದು ಆರತಿ, ಮದುವೆ, ಹಬ್ಬಗಳವರೆಗೆ ಇಂದಿಗೂ ಬಳಕೆಯಲ್ಲಿವೆ.

ಈ ಹೆಸರುಗಳನ್ನು ಹೇಳಿದ ಕೂಡಲೇ ಸಿದ್ಧ ಉತ್ತರವೊಂದು ಎದುರಾಗುತ್ತದೆ: ಅದು ಹೆಂಗಸರ ಹಾಡು, ಭಕ್ತಿಯ ಹಾಡು, ಅದರ ರಾಗತಾಳಗಳು ಶಾಸ್ತ್ರೀಯವಾಗಿ ನಿಶ್ಚಿತವಲ್ಲ, ಮೂಲ ಧಾಟಿ ಯಾವುದೆಂದು ಯಾರಿಗೂ ತಿಳಿಯದು. ಈ ಉತ್ತರವನ್ನು ಪುರಂದರದಾಸರಿಗೆ ಅನ್ವಯಿಸಿ ನೋಡಬೇಕು. ಅವರ ದೇವರನಾಮಗಳ ಬಹುಪಾಲಿಗೆ ಮೂಲ ಧಾಟಿ ಉಳಿದಿಲ್ಲವೆಂಬುದು ವಿದ್ವಾಂಸರೆಲ್ಲ ಒಪ್ಪಿದ ಸಂಗತಿ. ಇಂದು ಕಛೇರಿಗಳಲ್ಲಿ ಕೇಳುವ ರಾಗಗಳು ನಂತರದವರು ಹಾಕಿದವು. ಆದರೂ ಅವರು ಸಂಗೀತ ಪಿತಾಮಹರು, ಮತ್ತು ಆ ಬಿರುದು ಅವರಿಗೆ ಸಲ್ಲತಕ್ಕದ್ದೇ. ಅದೇ ಪರಂಪರೆಯ, ಅದೇ ಭಕ್ತಿಯ, ಅದೇ ಅಂಕಿತ ಪದ್ಧತಿಯ ಭೀಮವ್ವನವರಿಗೆ ಮಾತ್ರ ಮೂಲ ಧಾಟಿಯ ದಾಖಲೆ ಕೇಳುವುದು ಯಾವ ಶಾಸ್ತ್ರ? ಗಂಡಸಿನ ಭಕ್ತಿ ಸಂಗೀತದ ಇತಿಹಾಸಕ್ಕೆ ಸೇರುತ್ತದೆ, ಹೆಂಗಸಿನ ಭಕ್ತಿ ಅಡುಗೆಮನೆ ಮತ್ತು ದೇವರಕೋಣೆಗಳ ನಡುವೆ ಉಳಿಯುತ್ತದೆ ಎಂಬ ವಿಂಗಡಣೆಯನ್ನು ಮಾಡಿದ್ದು ಸಂಗೀತವಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ ಕನ್ನಡದ ತ್ರಿಪದಿ, ಮರಾಠಿಯ ಓವಿ ಎರಡನ್ನೂ ಕಟ್ಟಿ ಹಾಡಿದ ಹೆಂಗಸರಿಗಂತೂ ಅಂಕಿತವೂ ಇರಲಿಲ್ಲ. ಕೀರ್ದಿಯಲ್ಲಿ ಬರೆಯದ ಮಾಲು ಗೋದಾಮಿನಲ್ಲಿ ಇರಲೇ ಇಲ್ಲವೆಂದು ವಾದಿಸುವವನನ್ನು ರವಿವಾರ ಪೇಟೆಯ ಯಾವ ಸಗಟು ವ್ಯಾಪಾರಿಯೂ ಲೆಕ್ಕಕ್ಕೆ ಕೂರಿಸುವುದಿಲ್ಲ. ಸಂಗೀತದ ಇತಿಹಾಸ ಬರೆಯುವವರು ಮಾತ್ರ ಆ ಬಗೆಯ ಲೆಕ್ಕವನ್ನು ನೂರಾರು ವರ್ಷಗಳಿಂದ ಒಪ್ಪಿಕೊಂಡು ಬಂದಿದ್ದಾರೆ.

ಆದರೂ ಪ್ರಚಲಿತ ಅಭಿಪ್ರಾಯದ ನಿಜವಾದ ಕೋಟೆ ಇರುವುದು ಹಿಂದುಸ್ತಾನಿ ಸಂಗೀತದ ಮುಖ್ಯ ಪ್ರಕಾರವಾದ ಖಯಾಲ್ ಗಾಯನದಲ್ಲಿ, ಮತ್ತು ಅದನ್ನು ಪರೀಕ್ಷಿಸಲು ಗಂಗೂಬಾಯಿ ಹಾನಗಲ್ (1913–2009) ಅವರಿಗಿಂತ ತಕ್ಕ ಉದಾಹರಣೆಯಿಲ್ಲ. 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ, ಸ್ವಾಗತಗೀತೆ ಹಾಡಲು ಬಂದ ಹುಡುಗಿಯರಲ್ಲಿ ಧಾರವಾಡದ 11 ವರ್ಷದ ಗಂಗೂಬಾಯಿಯೂ ಇದ್ದರು. ಜಾತಿಯ ಕಾರಣಕ್ಕೆ ತಮ್ಮನ್ನು ಊಟವಾದ ಮೇಲೆ ಎಂಜಲು ತೆಗೆಯಲು ಹೇಳಿಬಿಟ್ಟಾರೆಂಬ ಅಂಜಿಕೆ ಆ ದಿನ ತಮ್ಮಲ್ಲಿ ತುಂಬಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿಕೆಯ ಛಾಯೆ ಮಗಳ ಕಂಠದಲ್ಲಿ ಬೆರೆಯಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿದವರು. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದು, ಬಡತನ ಮತ್ತು ಜಾತಿಯ ಅವಮಾನಗಳನ್ನು ಸಹಿಸಿದ್ದು, 2002ರಲ್ಲಿ ಪದ್ಮವಿಭೂಷಣ ಪಡೆದದ್ದು, ಇವೆಲ್ಲ ಕನ್ನಡಿಗರಿಗೆ ಬಾಯಿಪಾಠ. ಈ ಬಾಯಿಪಾಠದಲ್ಲಿ ಅವರ ಕಷ್ಟವಿದೆ, ಗುರುಭಕ್ತಿಯಿದೆ, ಕಂಠವಿದೆ. ಅವರು ಕಟ್ಟಿದ ಸಂಗೀತದ ಬಗ್ಗೆ ಒಂದು ಮಾತೂ ಇಲ್ಲ.

ಕಂಠದ ವಿಷಯವನ್ನೇ ತೆಗೆದುಕೊಳ್ಳಬಹುದು. ಯೌವನದಲ್ಲಿ ಗಂಟಲಿನ ಚಿಕಿತ್ಸೆಯೊಂದರ ನಂತರ ಅವರ ಸಪೂರವಾದ ಎತ್ತರದ ದನಿ ತಗ್ಗಿ ಗಡುಸಾಯಿತು, ಹಾಗಾಗಿ ಅವರಿಗೆ ಗಂಡುದನಿ ಒದಗಿತು, ಆ ದನಿಯೇ ಅವರ ಗಾಯನದ ಗಾಂಭೀರ್ಯಕ್ಕೆ ಮೂಲ ಎಂದು ಹೇಳುವುದು ವಾಡಿಕೆ. ಹೊಗಳಿಕೆಯಂತೆ ಕಾಣುವ ಈ ಮಾತಿನಲ್ಲಿ ಎರಡು ಅಪಚಾರಗಳಿವೆ. ಗಾಂಭೀರ್ಯ ಗಂಡಿನ ಸೊತ್ತು, ಅದು ಹೆಣ್ಣಿಗೆ ಆಕಸ್ಮಿಕದಿಂದ ಮಾತ್ರ ದಕ್ಕಬಲ್ಲದು ಎಂಬುದು ಒಂದು. ಒಬ್ಬ ಕಲಾವಿದೆಯ ಬುದ್ಧಿ ಮತ್ತು ತೀರ್ಮಾನಗಳ ಫಲವನ್ನು ವೈದ್ಯನ ಕತ್ತರಿಗೆ ಒಪ್ಪಿಸುವುದು ಇನ್ನೊಂದು. ದನಿ ಕಳೆದುಕೊಂಡು ಹಾಡುವುದನ್ನೇ ಬಿಟ್ಟವರು ಸಂಗೀತದಲ್ಲಿ ಕಡಿಮೆಯಿಲ್ಲ. ಹಳೆಯ ದನಿಗೆ ಒಗ್ಗಿದ್ದ ಶೈಲಿ ಕೈಕೊಟ್ಟಾಗ ಗಂಗೂಬಾಯಿ ಹೊಸ ದನಿಗೆ ಹೊಸ ಶೈಲಿಯನ್ನೇ ಕಟ್ಟಿಕೊಂಡರು. ಆರಂಭದ ಧ್ವನಿಮುದ್ರಿಕೆಗಳಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹಗುರವಾದ ಗೀತಪ್ರಕಾರಗಳನ್ನೂ ಹಾಡಿದ್ದ ಅವರು 1940ರ ದಶಕದ ನಡುವಿನಿಂದ ಠುಮರಿ, ಭಜನೆಗಳನ್ನು ಬಿಟ್ಟು ಖಯಾಲಿಗೇ ಮೀಸಲಾದರು. ಗಾಯಕಿಯರಿಂದ ಜನ ಠುಮರಿಯನ್ನೇ ಬಯಸುತ್ತಿದ್ದ, ಅದರಿಂದಲೇ ಹೆಸರೂ ಹಣವೂ ಬರುತ್ತಿದ್ದ ಕಾಲದಲ್ಲಿ ತೆಗೆದುಕೊಂಡ ಈ ನಿರ್ಧಾರ ಯಾವ ಚಿಕಿತ್ಸೆಯಿಂದಲೂ ಬಂದದ್ದಲ್ಲ.

ಗುರುವಿನ ಶೈಲಿಯನ್ನು ಚಾಚೂತಪ್ಪದೆ ಕಾಪಾಡಿದವರು ಎಂಬ ಎರಡನೆಯ ವಾಡಿಕೆಯ ಮಾತು ಕಿವಿಯ ಪರೀಕ್ಷೆಯಲ್ಲೇ ಸೋಲುತ್ತದೆ. ಕಿರಾಣಾ ಘರಾಣೆಗೆ ಅಬ್ದುಲ್ ಕರೀಂ ಖಾನರು ಕೊಟ್ಟ ಮುದ್ರೆ ಮಾಧುರ್ಯದ್ದು, ತೆಳುವಾದ ದನಿಯಲ್ಲಿ ಸ್ವರವನ್ನು ಕರುಣೆಯಿಂದ ಹದಗೊಳಿಸುವಂಥದ್ದು. ಅವರ ಮಗಳು ಹೀರಾಬಾಯಿ ಬಡೋದೇಕರರ ಗಾಯನ ಆ ಮಾಧುರ್ಯದ ಪರಿಪೂರ್ಣ ರೂಪ. ಗಂಗೂಬಾಯಿಯವರ ಸ್ವರ ಭಾರವುಳ್ಳದ್ದು, ನೇರವಾಗಿ ಎದೆಯಿಂದ ಹೊರಡುವಂಥದ್ದು, ಅಲಂಕಾರಗಳನ್ನು ಬೇಕೆಂದೇ ಕಳಚಿಟ್ಟದ್ದು. ಒಂದೇ ಘರಾಣೆಯೊಳಗೆ ಇಷ್ಟು ದೂರ ಸರಿದು ನಿಂತ ಶೈಲಿಯನ್ನು ಬರೀ ಕಾಪಾಡುವಿಕೆ ಎನ್ನಲು ಬರುವುದಿಲ್ಲ. ಅವರ ಗುರುಬಂಧು ಭೀಮಸೇನ ಜೋಶಿಯವರು ಅದೇ ಸವಾಯಿ ಗಂಧರ್ವರಿಂದ ಕಲಿತು ತಮ್ಮದೇ ದಾರಿ ಹಿಡಿದಾಗ ಅದನ್ನು ಪ್ರತಿಭೆ ಎಂದು ಸರಿಯಾಗಿಯೇ ಗುರುತಿಸಲಾಯಿತು. ಗಂಗೂಬಾಯಿಯವರ ದಾರಿಗೆ ನಿಷ್ಠೆ ಎಂಬ ಹೆಸರು ಬಂತು.

ಖಯಾಲಿನಲ್ಲಿ ಕಟ್ಟುವುದು ಎಂದರೇನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಬಂದಿಶ್ ಅಥವಾ ಬಳಕೆಯ ಮಾತಿನಲ್ಲಿ ಚೀಜ್ ಎಂಬುದು ಸ್ಥಾಯಿ, ಅಂತರಾ ಎಂಬ ಎರಡು ಭಾಗಗಳ, ನಾಲ್ಕೈದು ಸಾಲುಗಳ ಪುಟ್ಟ ರಚನೆ. ಅದನ್ನಷ್ಟೇ ಹಾಡಿದರೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ವಿಲಂಬಿತ್, ಅಂದರೆ ಬಹಳ ನಿಧಾನವಾದ ಲಯದಲ್ಲಿ, ಒಂದು ರಾಗವನ್ನು ಮುಕ್ಕಾಲು ಗಂಟೆ ಬೆಳೆಸುವ ಬಢತ್ ಎಂಬ ಕ್ರಿಯೆಯಲ್ಲಿ ಯಾವ ಸ್ವರದಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಮುಂದಿನ ಸ್ವರವನ್ನು ಯಾವಾಗ ಸೂಚಿಸಬೇಕು, ಎಷ್ಟು ತಡೆಹಿಡಿಯಬೇಕು, ತಾಳದ ಆವರ್ತ ಮುಗಿದು ಸಮ್ ಬರುವ ಹೊತ್ತಿಗೆ ಎಲ್ಲಿಂದ ತಿರುಗಿ ಬರಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಹಾಡುವವರೇ. ಸ್ವರಗಳ ಕ್ರಮವನ್ನು ಬದಲಿಸಿ ಬದಲಿಸಿ ಹೊಸ ವಾಕ್ಯ ಹುಟ್ಟಿಸುವ ಮೇರುಖಂಡ ಎಂಬ ಪದ್ಧತಿಯಲ್ಲಿ ನಾಲ್ಕು ಸ್ವರಗಳಿಗೆ 24, ಐದಕ್ಕೆ 120, ಏಳಕ್ಕೆ 5040 ಜೋಡಣೆಗಳು ಸಾಧ್ಯ. ಇವುಗಳಲ್ಲಿ ರಾಗದ ಸ್ವರೂಪಕ್ಕೆ ಒಗ್ಗುವುದನ್ನು ಆರಿಸಿ, ಉಳಿದದ್ದನ್ನು ಬಿಡುವ ವಿವೇಕಕ್ಕೆ ರಚನೆ ಎಂದಲ್ಲದೆ ಬೇರೆ ಹೆಸರಿಲ್ಲ.

ಗಂಗೂಬಾಯಿಯವರು ಬಹಳ ಪ್ರೀತಿಯಿಂದ ಹಾಡಿದ ಪೂರಿಯಾ ಮತ್ತು ಮಾರ್ವಾ ಎಂಬ ಎರಡು ಸಂಜೆಯ ರಾಗಗಳು ಇದನ್ನು ಕೈಗೆಟಕುವಂತೆ ತೋರಿಸುತ್ತವೆ. ಎರಡರಲ್ಲೂ ಇರುವುದು ಅವೇ ಆರು ಸ್ವರಗಳು: ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ, ಪಂಚಮ ಎರಡರಲ್ಲೂ ವರ್ಜ್ಯ. ಪಿಯಾನೊದ ಅಥವಾ ಪೇಟಿಯ ಕೀಲಿಗಳ ಮೇಲೆ ಬೆರಳಿಟ್ಟು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಮಾರ್ವಾದಲ್ಲಿ ರಿಷಭ ಧೈವತಗಳು ಒಡೆತನ ನಡೆಸುತ್ತವೆ, ಷಡ್ಜ ಬಹಳ ಹೊತ್ತು ಕಾಣಿಸಿಕೊಳ್ಳದೆ ಕೇಳುವವರಲ್ಲಿ ಒಂದು ತಳಮಳ ಉಳಿಯುತ್ತದೆ. ಪೂರಿಯಾದಲ್ಲಿ ಗಾಂಧಾರ ನಿಷಾದಗಳು ಪ್ರಧಾನ, ಮಂದ್ರ ಸಪ್ತಕ ಅದರ ತವರು. ಪೂರಿಯಾವನ್ನು ಹಾಡುವಾಗ ಗಂಗೂಬಾಯಿಯವರು ಮಂದ್ರದ ನಿಷಾದದಲ್ಲಿ ನಿಂತು, ಗಾಂಧಾರದ ಕಡೆಗೆ ಆತುರವಿಲ್ಲದೆ ಏರುತ್ತ, ಅದನ್ನು ಮುಟ್ಟುವ ಮೊದಲು ಅದರ ಅಗತ್ಯವನ್ನು ಕೇಳುಗರ ಮನಸ್ಸಿನಲ್ಲಿ ಹುಟ್ಟಿಸುವ ರೀತಿ, ಯಾವುದೇ ದೊಡ್ಡ ಸಂಗೀತಕಾರ ಒಂದು ದೀರ್ಘ ಕೃತಿಯ ಕಟ್ಟಡವನ್ನು ಯೋಜಿಸುವ ರೀತಿಯೇ. ಗುರು ತೋರಿಸಿಕೊಟ್ಟದ್ದು ರಾಗದ ದಾರಿಗಳನ್ನು. ಆ ದಾರಿಗಳಲ್ಲಿ ಆ ಮುಕ್ಕಾಲು ಗಂಟೆಯನ್ನು ಆ ಆಕಾರದಲ್ಲಿ ನಿಲ್ಲಿಸಿದ್ದು ಅವರೇ.

ಹಾಗಾದರೆ ಖಯಾಲ್ ಹಾಡುವವರೆಲ್ಲ ರಚನೆಕಾರರಾದರಲ್ಲ, ರಚನೆಕಾರ ಎಂಬ ಮಾತಿಗೆ ಬೆಲೆಯೇನು ಉಳಿಯಿತು ಎಂಬ ಆಕ್ಷೇಪ ಗಂಭೀರವಾದದ್ದೇ. ಕಲಿತ ಪಲುಕುಗಳನ್ನು ಒಂದರ ಹಿಂದೆ ಒಂದು ಜೋಡಿಸುವ ಗಾಯಕರು ಅನೇಕರಿದ್ದಾರೆ, ಅವರನ್ನು ರಚನೆಕಾರರೆಂದು ಕರೆಯಬೇಕಾಗಿಲ್ಲ; ರಾಗಕ್ಕೆ ತಮ್ಮದೇ ಆದ ಆಕಾರ ಕೊಟ್ಟು, ಆ ಆಕಾರದಿಂದಲೇ ಗುರುತಿಸಲ್ಪಡುವ ಕೆಲವರನ್ನು ಮಾತ್ರ ಕರೆಯಬೇಕು. ಬಂದಿಶ್ ಕಟ್ಟಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಹಟ ಹಿಡಿಯುವವರು ಆ ಹಟವನ್ನು ಎಲ್ಲರ ಮೇಲೂ ಸಮನಾಗಿ ಚಲಾಯಿಸಬೇಕು. ಸವಾಯಿ ಗಂಧರ್ವರ ಕೀರ್ತಿ ಹೊಸ ಬಂದಿಶ್‌ಗಳಿಂದ ಬಂದದ್ದಲ್ಲ. ಮಲ್ಲಿಕಾರ್ಜುನ ಮನ್ಸೂರರ ಕೀರ್ತಿಯೂ ಅಲ್ಲ, ಭೀಮಸೇನ ಜೋಶಿಯವರದೂ ಅಲ್ಲ. ಮೂವರೂ ಮುಖ್ಯವಾಗಿ ಪರಂಪರೆಯಿಂದ ಬಂದ ಚೀಜ್‌ಗಳನ್ನೇ ಹಾಡಿ, ಅವುಗಳ ಮೇಲೆ ತಮ್ಮ ಲೋಕಗಳನ್ನು ಕಟ್ಟಿದವರು. ಇವರನ್ನು ಕಂಡು ಗಂಡಸರಲ್ಲಿ ರಚನಾಶಕ್ತಿ ಕಡಿಮೆ ಎಂದು ಯಾರಾದರೂ ತೀರ್ಮಾನಿಸಿದ್ದುಂಟೇ? ಬಂದಿಶ್ ಕಟ್ಟದ ಗಂಡಸು ಒಬ್ಬ ವ್ಯಕ್ತಿಯಾಗಿ ಉಳಿಯುತ್ತಾನೆ, ಬಂದಿಶ್ ಕಟ್ಟದ ಹೆಂಗಸು ಇಡೀ ಹೆಣ್ಣುಕುಲದ ಅಸಾಮರ್ಥ್ಯಕ್ಕೆ ನಿದರ್ಶನವಾಗುತ್ತಾಳೆ. ಗಂಡಸು ಗಾಯಕ ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿಯವರೇ ನೊಂದು ಹೇಳಿದ್ದುಂಟು. ಪದವಿಯ ಹಂಚಿಕೆಯಲ್ಲಿರುವ ಈ ಪಕ್ಷಪಾತವೇ ರಚನೆಯ ಹಂಚಿಕೆಯಲ್ಲೂ ಇದೆ.

ಬಂದಿಶ್ ಕಟ್ಟುವ ಗಾಯಕ ಎಂದಾಗ ಬೆಳಗಾವಿಯ ಜನ ಹೆಮ್ಮೆಯಿಂದ ನೆನೆಯುವ ಹೆಸರು, ಊರಿಗೆ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರದು. ಅವರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಕ್ಷಯರೋಗದಿಂದ ವರ್ಷಗಟ್ಟಲೆ ಹಾಡಲಾಗದೆ ದೇವಾಸಿನಲ್ಲಿ ಮಲಗಿದ್ದ ದಿನಗಳಲ್ಲಿ ಮಾಳವದ ಹೆಂಗಸರ ಹಾಡುಗಳು ಅವರ ಕಿವಿಗೆ ಬಿದ್ದು, ಆ ಧಾಟಿಗಳಿಂದ ಅವರು ಹೊಸ ರಾಗಗಳನ್ನು ರೂಪಿಸಿದರೆಂಬುದನ್ನು, ಆ ಕಾಲದಲ್ಲಿ ಅವರನ್ನು ಆರೈಕೆ ಮಾಡಿ ಬದುಕಿಸಿಕೊಂಡವರು ಸ್ವತಃ ಗಾಯಕಿಯಾಗಿದ್ದ ಪತ್ನಿ ಭಾನುಮತಿಯವರೆಂಬುದನ್ನು ಮಾತ್ರ ಅದೇ ಹೆಮ್ಮೆಯಿಂದ ಹೇಳುವುದು ಕಡಿಮೆ. ಹೆಂಗಸರು ಕಟ್ಟಿದ ಹಾಡು ಗಂಡಸಿನ ಕಂಠಕ್ಕೆ ಬಂದಾಗ ರಾಗವಾಗುತ್ತದೆ. ಅದಕ್ಕೆ ಮೊದಲು ಅದು ಏನಾಗಿತ್ತು ಎಂದು ಕೇಳುವವರಿಲ್ಲ.

ಅವಕಾಶ ಮತ್ತು ಅಕ್ಷರ ಎರಡೂ ಕೂಡಿ ಬಂದ ಕಡೆ ಹೆಂಗಸರು ಬಂದಿಶ್‌ಗಳನ್ನು ಕಟ್ಟದೆ ಬಿಟ್ಟಿಲ್ಲ. ಅದೇ ಕಿರಾಣಾ ಘರಾಣೆಯ ಪ್ರಭಾ ಅತ್ರೆ (1932–2024) ತಮ್ಮ ನೂರಾರು ರಚನೆಗಳನ್ನು ಸ್ವರಲಿಪಿಸಹಿತ ಪುಸ್ತಕಗಳಲ್ಲಿ ಪ್ರಕಟಿಸಿದರು, ಅಪೂರ್ವ ಕಲ್ಯಾಣ, ಮಧುರಕೌಂಸ್ ಮುಂತಾದ ಹೊಸ ರಾಗಗಳನ್ನು ರೂಪಿಸಿದರು. ಅವರ ಮಾರುಬಿಹಾಗ್ ಬಂದಿಶ್ ಇಂದು ಅವರ ಹೆಸರೂ ಗೊತ್ತಿಲ್ಲದ ವಿದ್ಯಾರ್ಥಿಗಳ ಬಾಯಲ್ಲೂ ಇದೆ. ಬೆಂಗಳೂರಿನ ಶ್ಯಾಮಲಾ ಭಾವೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ನುರಿತು ಎರಡರಲ್ಲೂ ಸಂಯೋಜನೆ ಮಾಡಿದರು. ಒಂದೆರಡು ತಲೆಮಾರುಗಳ ಶಿಕ್ಷಣ ಮತ್ತು ಸ್ವಾತಂತ್ರ್ಯದಿಂದ ಬದಲಾಗುವಂಥದ್ದನ್ನು ಸ್ವಭಾವ ಎಂದು ಕರೆಯಲಾಗದು.

ಅಂಬಾಬಾಯಿಯವರು ಮಗಳಿಗಾಗಿ ನಿಲ್ಲಿಸಿದ ಹಾಡಿನ ಸ್ವರ ಎಂಥದ್ದಿತ್ತೆಂದು ಇನ್ನು ಯಾರೂ ಕೇಳುವಂತಿಲ್ಲ. ಆದರೆ ಮಗಳ ಧ್ವನಿಮುದ್ರಣಗಳಿವೆ, ಅವು ಬೇರೆ ಬೇರೆ ದಶಕಗಳವು, ಒಂದೇ ರಾಗ ಹಲವು ಸಲ ಹಾಡಿದ್ದೂ ಅವುಗಳಲ್ಲಿದೆ. ಅವರ ಹೆಸರಿನಲ್ಲೇ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ವಿಶ್ವವಿದ್ಯಾಲಯದ ಸಂಗೀತ ವಿಭಾಗವಿದೆ, ಬೆಳಗಾವಿಯಲ್ಲಿ ಕಿವಿ ಪಳಗಿದ ವಾದಕರೂ ಶಿಕ್ಷಕರೂ ಇದ್ದಾರೆ. ಫ್ಯಾನಿಯ ಹಾಳೆಗಳನ್ನು ಒಬ್ಬ ವಿದ್ವಾಂಸೆ ಸಂಖ್ಯೆಯಿಂದ ಸಂಖ್ಯೆಗೆ ತಾಳೆ ನೋಡಿದಂತೆ, ಗಂಗೂಬಾಯಿಯವರ ಪೂರಿಯಾದ ಎರಡು ಮೂರು ಮುದ್ರಣಗಳನ್ನು ಆವರ್ತದಿಂದ ಆವರ್ತಕ್ಕೆ ಸ್ವರಲಿಪಿಗಿಳಿಸಿ ಪಕ್ಕಪಕ್ಕ ಇಟ್ಟು, ಯಾವುದು ಗುರುವಿನಿಂದ ಬಂದದ್ದು, ಯಾವುದು ಘರಾಣೆಯ ಸಾಮಾನ್ಯ ಸೊತ್ತು, ಯಾವುದು ಅವರೇ ಕಟ್ಟಿ ಪ್ರತಿ ಸಲವೂ ತಿದ್ದಿದ್ದು ಎಂದು ವಿಂಗಡಿಸುವುದು ಮಾಡಬಹುದಾದ ಕೆಲಸ. ಹೆಂಗಸರು ಕಟ್ಟಲಿಲ್ಲ ಎಂದು ಇನ್ನೂ ವಾದಿಸಬಯಸುವವರು ಆ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಅವರದಲ್ಲದ ಸಾಲು ಯಾವುದೆಂದು ಒಂದೊಂದಾಗಿ ತೋರಿಸಲಿ.